ಬಂಡಿಯ ಮೋರೆ ಯಾರ ಸೊತ್ತು?

ತೊಗರಿಯ ರಾಶಿ ನಡೆದಿದ್ದ ದಿನಗಳಲ್ಲಿ ನಾವೊಮ್ಮೆ ಕಲಬುರ್ಗಿಯಿಂದ ಜೇವರ್ಗಿಗೆ ಹೋಗಬೇಕಾಗಿ ಬಂದಿತು. ಕಟ್ಟಿ ಸಂಗಾವಿಯ ಬಳಿ ಭೀಮೆಯ ಸೇತುವೆಯನ್ನು ದಾಟಿ, ಎರಡೂ ಬದಿಯ ಎರೆಹೊಲಗಳನ್ನು ನೋಡುತ್ತ, ಇನ್ನೇನು ಊರು ಬಂದಿತೆನ್ನುವಷ್ಟರಲ್ಲಿ ನಮ್ಮ ಬಾಡಿಗೆಯ ಜೀಪಿನ ಹಿಂಬಾಗಿಲಿನ ಕೀಲು ಮುರಿದು, ಬಾಗಿಲು ಜೋಲಾಡತೊಡಗಿತು. ಜೀಪು ಎಂದೆವು, ಆ ಬಂಡಿಯ ಮೇಲೆ ಬರೆದಿದ್ದ ಹೆಸರು ಬೇರೆಯೇ ಇದ್ದಿತು. ಆದರೆ ಗಟ್ಟಿಮುಟ್ಟಾಗಿ ಚೌಕಾಕಾರವಾಗಿದ್ದು, ಹತ್ತು ಹದಿನೈದು ಜನರನ್ನು ಒಮ್ಮೆಗೇ ನುಂಗಬಲ್ಲ ಬಂಡಿ ಯಾವುದೇ ಆಗಲಿ, ಅದನ್ನು ಜೀಪೆನ್ನುವ ರೂಢಿ ನಮ್ಮಂಥ ಹಳಬರಿಗೆ ಇನ್ನೂ ಬಿಟ್ಟಿಲ್ಲ. ಈ ಮಾತು ಮುಂದೆ ಮತ್ತೊಮ್ಮೆ ಬರುವುದರಿಂದ ವಾಚಕರು ಇದನ್ನು ನೆನಪಿನಲ್ಲಿಡಬೇಕೆಂದು ಬೇಡುತ್ತೇವೆ.

ಊರ ಹೊರಗಿನ ಒಂದು ವೆಲ್ಡಿಂಗ್ ಅಂಗಡಿಯ ಮುಂದೆ ಬಂಡಿ ನಿಂತಿತು. ಅಂಗಡಿಯ ಯಜಮಾನರು ಐವತ್ತು ದಾಟಿದವರು; ಟ್ರ್ಯಾಕ್ಟರಿನ ಟ್ರಾಲಿಗಳನ್ನು ಮಾಡುವುದು ಅವರ ಮುಖ್ಯ ಕಸುಬು. ಕೀಲನ್ನು ಬೆಸೆಯುತ್ತಿರುವಾಗಲೇ ರಸ್ತೆಯ ಮೇಲೆ ತೊಗರಿಯ ಚೀಲ ಹೇರಿದ ಟ್ರಾಲಿಯೊಂದು ಹೋಯಿತು. ಅದರ ಮುಂದಲೆಯ ತಗಡಿನಲ್ಲಿ ಎದುರುಬದುರಾಗಿ ನಿಂತ ಎರಡು ಎತ್ತುಗಳು, ನಡುವೆ ಏಳುತ್ತಿರುವ ಸೂರ್ಯ, ಎರಡು ಕಡೆಯೂ ತೇರಿನಂತೆ ಇಳಿಜಾರಾದ ಹೆಗಲು. ಕೊರೆದ ತಗಡು ಬಿಸಿಲಿಗೆ ಹೊಳೆದು ಬಹು ಚೆನ್ನಾಗಿ ಕಾಣುತ್ತಿದ್ದಿತು. ನಿಮ್ಮ ಕೆಲಸವೇ ಏನು, ಎಂದು ನಾವು ಕೇಳಿದೆವು.

“ಮಾರಿ ನಂದ ಅದರಿ ಸರ, ಟ್ರಾಲಿ ನಂದಲ್ರಿ” ಎಂದರು ಅವರು.

ಈ ಒಗಟನ್ನು ಬಿಡಿಸುವುದಕ್ಕೆ ಒಂದು ಬಟ್ಟಲು ಚಹದಷ್ಟು ಕಾಲ ಹಿಡಿಯಿತು. ಎತ್ತು ಸೂರ್ಯರ ಆ ಮುಂದಲೆಯನ್ನು ಮೊದಲು ಕೊರೆದವರು ಅವರೇ. ಸುತ್ತಿನ ಹಳ್ಳಿಗಳಲ್ಲಿ ಜನ ದೂರದಿಂದಲೇ ಅದನ್ನು ಕಂಡು, ಇಂಥವರ ಟ್ರಾಲಿ ಬಂದಿತೆಂದು ಗುರುತಿಸುತ್ತಿದ್ದರಂತೆ. ಒಂಬತ್ತು ವರುಷ ಅವರ ಕೈಕೆಳಗೆ ಕೆಲಸ ಮಾಡಿದ ಹುಡುಗನೊಬ್ಬ ಬೇರೆಯಾಗಿ, ಅದೇ ರಸ್ತೆಯಲ್ಲಿ ಅಂಗಡಿ ಹಾಕಿ, ನಾಲ್ಕು ತಿಂಗಳೊಳಗೆ ಅದೇ ಎತ್ತು, ಅದೇ ಸೂರ್ಯ, ಅದೇ ಹೆಗಲಿನ ಟ್ರಾಲಿಯನ್ನು ಹದಿನೈದು ಸಾವಿರ ರೂಪಾಯಿ ಕಡಿಮೆಗೆ ಮಾರತೊಡಗಿದನು. ಪಕ್ಕದ ಹಲಗೆಯನ್ನು ಒಂದೇ ಕೈಯಿಂದ ಕೆಳಗಿಳಿಸುವ ಚಿಲಕವೊಂದನ್ನು ಯಜಮಾನರು ಹೂಡಿದ್ದರು, ಅದೂ ಹೋಯಿತು. ಇಷ್ಟನ್ನೆಲ್ಲ ಅವರು ಹೇಗೋ ನುಂಗಿಕೊಂಡಿದ್ದರು. ಆದರೆ ಒಂದು ದಿನ ಯಡ್ರಾಮಿಯ ಕಡೆಯ ರೈತನೊಬ್ಬ ಬೆಸುಗೆ ಬಿಟ್ಟ ಟ್ರಾಲಿಯನ್ನು ಇವರ ಬಾಗಿಲಿಗೆ ಎಳೆದು ತಂದು, ನಾಲ್ಕು ಜನರ ಮುಂದೆ, ಇಂಥ ಕಳಪೆ ಕೆಲಸಕ್ಕೆ ಇಷ್ಟು ಹಣವೇ ಎಂದು ಬಾಯಿಗೆ ಬಂದಂತೆ ಆಡಿದನು. ಆ ಟ್ರಾಲಿ ಇವರದಲ್ಲ. ಹಾಗೆಂದು ಹೇಳಿದರೆ ರೈತನು ಮುಂದಲೆಯ ಎತ್ತುಗಳನ್ನು ತೋರಿಸಿ, ಇದು ಯಾರದು ಮತ್ತೆ, ಎಂದು ಕೇಳಿದನು. ಈ ಮಾತನ್ನು ಹೇಳುವಾಗ ಯಜಮಾನರ ಧ್ವನಿ ಸ್ವಲ್ಪ ತಗ್ಗಿತು.

ಕಲಬುರ್ಗಿಯಲ್ಲಿ ಓದುತ್ತಿರುವ ಅವರ ಮಗನು ಅಲ್ಲಿಯೇ ಇದ್ದನು. “ಚೀನಾದಾಗ ಇಡೀ ಕಾರನ್ನ ಕದ್ದಾರಪ್ಪ, ಯಾರು ಏನ್ ಮಾಡಿದ್ರು?” ಎಂದು ತನ್ನ ಮೊಬೈಲಿನಲ್ಲಿ ಎರಡು ಕಾರುಗಳ ಚಿತ್ರಗಳನ್ನು ಜೋಡಿಸಿ ತೋರಿಸಿದನು. ಅವಳಿ ಮಕ್ಕಳಂತೆ ಇದ್ದುವು. ಯಾರೂ ಏನೂ ಮಾಡಲಿಲ್ಲವೆಂಬ ಅವನ ಮಾತು ಸರಿಯಲ್ಲವೆಂದು ನಮಗೆ ಗೊತ್ತಿದ್ದರೂ, ಆಗಿದ್ದೇನೆಂದು ವಿವರವಾಗಿ ಹೇಳುವಷ್ಟು ಹಿಡಿತ ಆಗ ನಮಗಿರಲಿಲ್ಲ. ತಿಳಿದುಕೊಂಡು ಬರೆಯುತ್ತೇವೆಂದು ಮಾತು ಕೊಟ್ಟು ಬಂದೆವು. ಆ ಮಾತನ್ನು ಸಲ್ಲಿಸುವುದಕ್ಕಾಗಿ ಈ ತಿಂಗಳ ಪುಟ.

ಆ ಚಿತ್ರಗಳಲ್ಲಿ ಒಂದು, ಇಂಗ್ಲೆಂಡಿನ ಲ್ಯಾಂಡ್ ರೋವರ್ ಮನೆತನದ ರೇಂಜ್ ರೋವರ್ ಇವೋಕ್. ಇಂಗ್ಲೆಂಡಿನದೆಂದೆವಾದರೂ ಒಡೆತನ ನಮ್ಮವರದು: ಟಾಟಾ ಮೋಟಾರ್ಸಿನವರು 2008ರಲ್ಲಿ ಜಾಗ್ವಾರ್ ಮತ್ತು ಲ್ಯಾಂಡ್ ರೋವರ್‌ಗಳನ್ನು ಫೋರ್ಡ್ ಕಂಪನಿಯಿಂದ ಕೊಂಡರು. ಅದೇ ವರುಷದ ಮೊದಲಲ್ಲಿ ಅಮೆರಿಕದ ಡೆಟ್ರಾಯಿಟ್ ಪ್ರದರ್ಶನದಲ್ಲಿ ಮಾದರಿಯಾಗಿ ತೋರಿಸಲ್ಪಟ್ಟ ಒಂದು ಆಕೃತಿಯೇ ಬೆಳೆದು 2011ರಲ್ಲಿ ಇವೋಕ್ ಎಂಬ ಹೆಸರಿನಿಂದ ಮಾರಾಟಕ್ಕೆ ಬಂದಿತು. ಹಿಂದಕ್ಕೆ ಹೋದಂತೆ ತಗ್ಗುವ ಮಾಡು, ಏರುತ್ತ ಹೋಗುವ ಕಿಟಕಿಯ ಅಂಚು, ಎತ್ತರವಾಗಿದ್ದರೂ ಮೈಯನ್ನು ಕುಗ್ಗಿಸಿ ಹೊಂಚಿ ಕುಳಿತಂತಹ ನಿಲುವು: ಇವೇ ಅದರ ಗುರುತುಗಳು. ಇನ್ನೊಂದು ಚಿತ್ರ ಚೀನದ ಜ್ಯಾಂಗ್ಲಿಂಗ್ ಕಂಪನಿಯವರ ಲ್ಯಾಂಡ್‌ವಿಂಡ್ ಎಕ್ಸ್-7. ಇದು 2014ರ ನವೆಂಬರಿನಲ್ಲಿ ಗುವಾಂಗ್‌ಝೌ ನಗರದ ಪ್ರದರ್ಶನದಲ್ಲಿ ಕಾಣಿಸಿಕೊಂಡು ಮರುವರುಷ ಅಂಗಡಿಗೆ ಬಂದಿತು. ಮಾಡು ಅದೇ, ಕಿಟಕಿಯ ಅಂಚು ಅದೇ, ಹಿಂದಣ ದೀಪಗಳ ಹೊಂದಿಕೆಯೂ ಅದೇ. ರೇಂಜ್ ರೋವರ್ ಎಂಬ ಅಕ್ಷರಗಳು ಮೂತಿಯ ಮೇಲೆ ಹರಡಿಕೊಂಡಿರುವಂತೆಯೇ ಲ್ಯಾಂಡ್‌ವಿಂಡ್ ಎಂಬ ಅಕ್ಷರಗಳೂ ಹರಡಿಕೊಂಡಿದ್ದುವು. ಬೆಲೆ ಮಾತ್ರ ಮೂರರಲ್ಲಿ ಒಂದು ಪಾಲಿನಷ್ಟು.

ಮೋಸ ಕಣ್ಣೆದುರಿಗೇ ಇದೆಯಲ್ಲ, ಕೋರ್ಟಿನಲ್ಲಿ ಒಂದು ದಿನದ ಕೆಲಸ, ಎಂದು ವಾಚಕರು ಹೇಳಬಹುದು. ನಮಗೂ ಹಾಗೆಯೇ ತೋರಿತ್ತು. ನಡೆದುದು ಬೇರೆ.

ಚೀನದಲ್ಲಿ ವಸ್ತುವಿನ ಹೊರರೂಪಕ್ಕೂ ಒಂದು ಬಗೆಯ ಪೇಟೆಂಟು ಉಂಟು. ಅದಕ್ಕೆ ಮುಖ್ಯವಾದ ಒಂದು ಕಟ್ಟಳೆಯೆಂದರೆ, ಅರ್ಜಿ ಕೊಡುವ ದಿನದವರೆಗೂ ಆ ರೂಪವು ಲೋಕದ ಕಣ್ಣಿಗೆ ಬಿದ್ದಿರಕೂಡದು. ಇವೋಕನ್ನು 2010ರ ಕೊನೆಗೇ ಗುವಾಂಗ್‌ಝೌ ಪ್ರದರ್ಶನದಲ್ಲಿ ದೀಪಗಳ ಕೆಳಗೆ ನಿಲ್ಲಿಸಿ ಜನರಿಗೆ ತೋರಿಸಲಾಗಿತ್ತು. ಚೀನದಲ್ಲಿ ಅದರ ರೂಪಕ್ಕಾಗಿ ಅರ್ಜಿ ಹೋದದ್ದು 2011ರಲ್ಲಿ. ಮೊದಲು ತೋರಿಸಿದರು, ಆಮೇಲೆ ಬರೆಸಿದರು. ಇತ್ತ ಜ್ಯಾಂಗ್ಲಿಂಗ್‌ನವರೂ ತಮ್ಮ ಬಂಡಿಯ ರೂಪವನ್ನು ತಮ್ಮದೇ ಎಂಬುದಾಗಿ ನೋಂದಣಿ ಮಾಡಿಸಿಕೊಂಡಿದ್ದರು. 2016ರಲ್ಲಿ ಚೀನದ ಅಧಿಕಾರಿಗಳು ಎರಡನ್ನೂ ರದ್ದುಮಾಡಿದರು: ಚೀನದವರದು, ಇವೋಕಿಗಿಂತ ಬೇರೆಯಾಗಿ ಕಾಣುವುದಿಲ್ಲವೆಂದು, ಇಂಗ್ಲೆಂಡಿನವರದು, ಅರ್ಜಿಗೆ ಮೊದಲೇ ಅದನ್ನು ಅವರೇ ಬಯಲಿಗಿಟ್ಟಿದ್ದರೆಂದು. ತನ್ನ ಮಗುವನ್ನು ತಾನೇ ಜಾತ್ರೆಗೆ ಕರೆದೊಯ್ದ ತಪ್ಪಿಗಾಗಿ ತಾಯಿಯ ಹಕ್ಕನ್ನು ಕಳೆದಂತಾಯಿತಲ್ಲ ಎಂದು ನಮಗೆ ಮೊದಲು ಎನಿಸಿತು. ಆದರೆ ಕಾನೂನಿನ ಲೆಕ್ಕವೇ ಬೇರೆ. ಹೊಸದಕ್ಕೆ ಮಾತ್ರ ಕೆಲವು ವರುಷಗಳ ಏಕಸ್ವಾಮ್ಯವನ್ನು ಕೊಡತಕ್ಕದ್ದು, ಊರಿಗೆಲ್ಲ ಗೊತ್ತಾದುದು ಹೊಸದಲ್ಲ, ಎಂಬುದು ಅದರ ನೇರವಾದ ಮಾತು.

ಹೀಗೆ ಒಂದು ಬಾಗಿಲು ಮುಚ್ಚಿದ ಮೇಲೆ ಲ್ಯಾಂಡ್ ರೋವರ್‌ನವರು 2016ರ ಜೂನಿನಲ್ಲಿ ಬೀಜಿಂಗಿನ ಚಾಓಯಾಂಗ್ ಜಿಲ್ಲೆಯ ನ್ಯಾಯಾಲಯದಲ್ಲಿ ಇನ್ನೊಂದು ಬಾಗಿಲನ್ನು ತಟ್ಟಿದರು. ಈ ರೂಪ ನಮ್ಮ ಹೆಸರಿಗೆ ನೋಂದಣಿಯಾಗಿದೆ ಎಂಬ ವಾದವನ್ನು ಅವರು ಇಲ್ಲಿ ಆಶ್ರಯಿಸುವಂತಿರಲಿಲ್ಲ. ಕೊಳ್ಳುವವನು ಇದನ್ನು ನೋಡಿ ನಮ್ಮದೆಂದು ಭ್ರಮೆಪಡುತ್ತಾನೆ, ನಾವು ಗಳಿಸಿದ ಹೆಸರನ್ನು ಇವರು ಉಣ್ಣುತ್ತಿದ್ದಾರೆ, ಇದು ನ್ಯಾಯವಲ್ಲದ ಪೈಪೋಟಿ, ಎಂಬುದು ಈ ಸಲದ ದೂರಿನ ತಿರುಳು. ಸುಮಾರು ಮೂರು ವರುಷಗಳ ತರುವಾಯ, 2019ರ ಮಾರ್ಚಿನಲ್ಲಿ, ತೀರ್ಪು ಬಂದಿತು. ಇವೋಕಿಗೇ ವಿಶಿಷ್ಟವಾದ ಐದು ಲಕ್ಷಣಗಳು ಎಕ್ಸ್-7ರಲ್ಲಿ ನಕಲಾಗಿವೆ, ಅದರಿಂದ ಜನರಲ್ಲಿ ಗೊಂದಲ ಹುಟ್ಟಿದೆ. ಆ ಬಂಡಿಯ ತಯಾರಿಕೆ, ಮಾರಾಟ, ಜಾಹೀರಾತು ನಿಲ್ಲತಕ್ಕದ್ದು, ಪರಿಹಾರವನ್ನೂ ಕೊಡತಕ್ಕದ್ದು ಎಂದು ನ್ಯಾಯಾಲಯವು ಹೇಳಿತು. ಚೀನದ ನೆಲದಲ್ಲಿ, ಚೀನದ ಕಂಪನಿಯೊಂದರ ವಿರುದ್ಧ, ಹೊರಗಿನ ಕಾರಿನವರಿಗೆ ಇಂಥ ಗೆಲವು ದೊರೆತದ್ದು ಅಪೂರ್ವ. ಆದರೆ ಆ ವೇಳೆಗೆ ಎಕ್ಸ್-7 ನಾಲ್ಕು ವರುಷ ಬೀದಿಗಳಲ್ಲಿ ಓಡಾಡಿಯಾಗಿತ್ತು.

ಎಲ್ಲರ ದೂರೂ ಹೀಗೆ ಫಲಿಸಲಿಲ್ಲ. ಹೋಂಡಾ ಕಂಪನಿಯವರ ಕಥೆಯನ್ನು ಕೇಳಿರಿ. ಅವರ ಸಿಆರ್-ವಿ ಎಂಬ ಎತ್ತರದ ಕಾರನ್ನು ಷಿಜಿಯಾಝುವಾಂಗ್‌ನ ಶುವಾಂಗ್‌ಹುವಾನ್ ಕಂಪನಿಯವರು ಹೋಲಿಸಿದರೆಂದು 2003ರಲ್ಲಿ ಜಗಳ ಮೊದಲಾಯಿತು. ಹೋಂಡಾದವರು ವಿನ್ಯಾಸವನ್ನು ಬರೆಸಿಕೊಂಡಿದ್ದರು. ಅದನ್ನು ಕೆಳಗಿನವರು ರದ್ದುಮಾಡಿದರೂ ಚೀನದ ಸರ್ವೋಚ್ಚ ನ್ಯಾಯಾಲಯವು 2010ರಲ್ಲಿ ಉಳಿಸಿಕೊಟ್ಟಿತು. ಇನ್ನೇನು ಗೆದ್ದರೆಂದು ತೋರುವಾಗ ಅದೇ ನ್ಯಾಯಾಲಯವು 2015ರ ಡಿಸೆಂಬರಿನಲ್ಲಿ, ಎರಡು ಬಂಡಿಗಳಲ್ಲಿ ಸಾಕಷ್ಟು ವ್ಯತ್ಯಾಸವಿದೆ, ನಕಲಿನ ದೋಷ ಇಲ್ಲ, ಎಂದಿತು. ಅಷ್ಟೇ ಆಗಿದ್ದರೆ ಆಗಿತ್ತು. ತೀರ್ಪಿಗೆ ಮೊದಲೇ ಹೋಂಡಾದವರು ಎದುರಾಳಿಯ ಮಾರಾಟಗಾರರಿಗೆಲ್ಲ ಎಚ್ಚರಿಕೆಯ ಪತ್ರಗಳನ್ನು ಕಳುಹಿಸಿ ವ್ಯಾಪಾರ ಕೆಡಿಸಿದ್ದರೆಂದು, ದೂರಿದವರೇ ದೂರಿಸಿಕೊಂಡವರಿಗೆ 1 ಕೋಟಿ 60 ಲಕ್ಷ ಯುವಾನ್ ಕೊಡಬೇಕಾಯಿತು! ಹನ್ನೆರಡು ವರುಷ ಕೋರ್ಟು ಅಲೆದವನು ಕೊನೆಗೆ ಗಂಟನ್ನೂ ಬಿಚ್ಚಿದನು. ಊರೂರಿಗೆ ಹೋಗಿ, ಅವನು ಕಳ್ಳ, ಕೊಳ್ಳಬೇಡಿರಿ, ಎಂದು ಹೇಳುವವರು ಇದನ್ನು ಒಮ್ಮೆ ಓದಬೇಕು.

ಫಿಯೆಟ್ ಕಂಪನಿಯವರಿಗೆ ಆದುದು ಇನ್ನೂ ವಿಚಿತ್ರ. ಅವರ ಪಾಂಡಾ ಎಂಬ ಚಿಕ್ಕ ಕಾರನ್ನು ಗ್ರೇಟ್ ವಾಲ್ ಕಂಪನಿಯವರ ಪೆರಿ ಎಂಬ ಕಾರು ಹೋಲುತ್ತಿದ್ದಿತು. 2008ರಲ್ಲಿ ಇಟಲಿಯ ಟೊರಿನೊ ನಗರದ ನ್ಯಾಯಾಲಯವು, ಮೂತಿಯೊಂದನ್ನು ಬದಲಿಸಿದ ಪಾಂಡಾ ಇದು ಎಂದು ತೀರ್ಮಾನಿಸಿ, ಯೂರೋಪಿನೊಳಕ್ಕೆ ಅದು ಬಾರದಂತೆ ತಡೆಯಿತು. ತಂದರೆ ಮೊದಲ ಬಂಡಿಗೆ 15,000 ಯೂರೊ, ಅನಂತರದ ಒಂದೊಂದಕ್ಕೂ 50,000 ಯೂರೊ ದಂಡ. ಚೀನದ ಷಿಜಿಯಾಝುವಾಂಗ್ ನ್ಯಾಯಾಲಯವು ಅದೇ ಎರಡು ಕಾರುಗಳನ್ನು ನೋಡಿ, ಇವು ಬೇರೆ ಬೇರೆ ಎಂದಿತು. ಕಾರುಗಳು ಅವೇ, ಕಣ್ಣುಗಳು ಬೇರೆ.

ನಮ್ಮ ಊರುಗಳಲ್ಲಿಯೂ ಓಡಾಡಿದ ಒಂದು ಬಂಡಿಯ ಮಾತನ್ನು ಇಲ್ಲಿ ಹೇಳದಿರಲಾರೆವು. ದೇವೂ ಮಾಟಿಜ್ ಎಂಬ ಗುಂಡುಗಣ್ಣಿನ ಪುಟ್ಟ ಕಾರನ್ನು ವಾಚಕರಲ್ಲಿ ಹಲವರು ಬಲ್ಲರು. ಅನಂತರ ಅದೇ ರೂಪವು ಷೆವ್ರೊಲೆ ಸ್ಪಾರ್ಕ್ ಎಂಬ ಹೆಸರಿನಲ್ಲಿ ಬಂದಿತು. ಚೀನದಲ್ಲಿ ಸ್ಪಾರ್ಕ್ ಮಾರಾಟಕ್ಕೆ ಬರುವ ಮೊದಲೇ, 2003ರಲ್ಲಿ, ಚೆರಿ ಕಂಪನಿಯವರ ಕ್ಯೂಕ್ಯೂ ಎಂಬ ಕಾರು ಅದೇ ಮೋರೆ ಹೊತ್ತು ಕಡಿಮೆ ಬೆಲೆಗೆ ಅಂಗಡಿಯಲ್ಲಿ ನಿಂತಿತು. ಅಸಲು ಬಂದಾಗ ನಕಲೇ ಹಳೆಯದಾಗಿದ್ದಿತು! ಒಂದರ ಬಾಗಿಲು ಇನ್ನೊಂದಕ್ಕೆ ಸರಿಯಾಗಿ ಕೂಡುತ್ತದೆಂದು ಜನರಲ್ ಮೋಟಾರ್ಸಿನವರು ದೂರಿದರು. 2005ರ ನವೆಂಬರಿನಲ್ಲಿ ಎರಡು ಕಡೆಯವರೂ ಹೊರಗೆ ಕುಳಿತು ರಾಜಿಯಾದರು. ಈ ಚೆರಿ ಕಂಪನಿಯವರೇ ಮುಂದೆ ಲ್ಯಾಂಡ್ ರೋವರ್‌ನವರೊಡನೆ ಪಾಲುಗಾರರಾಗಿ, 2014ರಲ್ಲಿ ಚಾಂಗ್‌ಶು ಎಂಬಲ್ಲಿ ಕಾರ್ಖಾನೆ ತೆರೆದು ಇವೋಕನ್ನೇ ತಯಾರಿಸತೊಡಗಿದರು. ವ್ಯಾಪಾರದ ಲೋಕದಲ್ಲಿ ಯಾರು ಎಂದಿಗೆ ಬೀಗರಾಗುವರೆಂದು ಹೇಳಬರುವುದಿಲ್ಲ.

ಇಷ್ಟನ್ನು ಓದಿ, ಚೀನದವರೇ ಹೀಗೆ, ಎಂದು ತೀರ್ಮಾನಿಸಿ ಪುಟ ಮಗುಚುವವರು ದಯಮಾಡಿ ಸ್ವಲ್ಪ ತಾಳಬೇಕು. ಆರಂಭದಲ್ಲಿ ನೆನಪಿಡಿರೆಂದು ಹೇಳಿದ ಜೀಪಿನ ಮಾತು ಈಗ ಬರುವುದು.

ಜೀಪನ್ನು ಮಾಡಿದವರು ಯಾರು? ವಿಲ್ಲಿಸ್ ಎಂದು ಬಹು ಜನ ಹೇಳುವರು. 1940ರಲ್ಲಿ ಅಮೆರಿಕದ ಸೈನ್ಯಕ್ಕೆ ಹಗುರವಾದ ಬಂಡಿಯೊಂದು ಬೇಕಾದಾಗ, ಪೆನ್ಸಿಲ್ವೇನಿಯದ ಬಟ್ಲರ್ ಎಂಬ ಊರಿನ ಬ್ಯಾಂಟಮ್ ಎಂಬ ಚಿಕ್ಕ ಕಂಪನಿಯವರು ಕಾರ್ಲ್ ಪ್ರೋಬ್ಸ್ಟ್ ಎಂಬವನನ್ನು ಕರೆಯಿಸಿ, ಕೆಲವೇ ದಿನಗಳಲ್ಲಿ ನಕ್ಷೆ ಹಾಕಿಸಿ, ಹೇಳಿದ ಗಡುವಿನಲ್ಲಿ ಬಂಡಿಯನ್ನು ಮಾಡಿ ಒಪ್ಪಿಸಿದರು. ಸೈನ್ಯದವರಿಗೆ ಅದು ಮೆಚ್ಚಿಗೆಯಾಯಿತು. ಆದರೆ ಇಷ್ಟು ಸಣ್ಣ ಕಾರ್ಖಾನೆಯಿಂದ ಯುದ್ಧಕ್ಕೆ ಬೇಕಾದಷ್ಟು ಬಂಡಿಗಳು ಹೊರಬಿದ್ದಾವೆಂಬ ನಂಬಿಕೆಯಾಗಲಿಲ್ಲ. ಅದರ ನಕ್ಷೆಗಳನ್ನು ವಿಲ್ಲಿಸ್‌ಗೂ ಫೋರ್ಡಿಗೂ ಕೊಟ್ಟರು. ಬ್ಯಾಂಟಮ್‌ನವರು ಮಾಡಿದ್ದು ಸುಮಾರು 2,700 ಬಂಡಿಗಳು. ವಿಲ್ಲಿಸ್‌ನವರು ಮಾಡಿದ್ದು 3,50,000ಕ್ಕೂ ಹೆಚ್ಚು. ಇನ್ನು ಜೀಪಿನ ಮೋರೆಯೆಂದು ಲೋಕವೆಲ್ಲ ಗುರುತಿಸುವ ಆ ಸೀಳುಗಳ ಮುಂದಣ ಜಾಲರಿ ಇದೆಯಷ್ಟೆ, ತಗಡನ್ನು ಒತ್ತಿ ಅದನ್ನು ಮೊದಲು ಮಾಡಿದವರು ಫೋರ್ಡಿನವರು. ವಿಲ್ಲಿಸ್‌ನವರು ಆಮೇಲೆ ತಮ್ಮ ಬಂಡಿಗೂ ಅದನ್ನೇ ಹಚ್ಚಿಕೊಂಡರು. ಜೀಪನ್ನು ಹುಟ್ಟಿಸಿದವರು ನಾವೇ ಎಂದು ವಿಲ್ಲಿಸ್‌ನವರು ಜಾಹೀರಾತು ಕೊಟ್ಟಾಗ, ಹಾಗೆ ಹೇಳಿಕೊಳ್ಳಕೂಡದೆಂದು ಅಮೆರಿಕದ ವ್ಯಾಪಾರ ಆಯೋಗವು 1948ರಲ್ಲಿ ಆಜ್ಞೆ ಮಾಡಿತು. ಆದರೂ ಜೀಪೆಂಬ ಹೆಸರು ಕಡೆಗೆ ಉಳಿದದ್ದು ವಿಲ್ಲಿಸ್‌ನವರಿಗೇ. ಬ್ಯಾಂಟಮ್‌ನವರಿಗೆ ಯುದ್ಧಕಾಲದಲ್ಲಿ ಸಿಕ್ಕಿದ ಕೆಲಸ ಯಾವುದೆಂದು ಬಲ್ಲಿರಾ? ಜೀಪಿನ ಹಿಂದೆ ಕಟ್ಟುವ ಟ್ರಾಲಿಗಳನ್ನು ಮಾಡುವುದು. ಇದನ್ನು ಓದಿದಾಗ ನಮಗೆ ಜೇವರ್ಗಿಯ ಅಂಗಡಿ ಕಣ್ಣಮುಂದೆ ಬಂದು ನಿಂತಿತು.

ಇವೋಕನ್ನು ಹೆತ್ತ ಲ್ಯಾಂಡ್ ರೋವರ್ ಮನೆತನದ ಮೂಲವನ್ನು ಹುಡುಕಿದರೂ ಇಲ್ಲಿಗೇ ಬಂದು ಮುಟ್ಟುತ್ತೇವೆ. ಯುದ್ಧ ಮುಗಿದ ಮೇಲೆ ರೋವರ್ ಕಂಪನಿಯ ಮಾರಿಸ್ ವಿಲ್ಕ್ಸ್ ಎಂಬವನು ವೇಲ್ಸಿನ ಆಂಗ್ಲಸಿ ದ್ವೀಪದ ತನ್ನ ಹೊಲದಲ್ಲಿ ಸೈನ್ಯದ ಒಂದು ಹಳೆಯ ಜೀಪನ್ನು ಇಟ್ಟುಕೊಂಡಿದ್ದನು. ಅದರ ಉಪಯೋಗವನ್ನು ಕಂಡು, ನಾವೇ ಏಕೆ ಇಂಥದನ್ನು ಮಾಡಬಾರದು ಎಂದುಕೊಂಡನು. 1947ರಲ್ಲಿ ಕಟ್ಟಿದ ಮೊತ್ತಮೊದಲ ಮಾದರಿಗೆ ಜೀಪಿನ ಚೌಕಟ್ಟನ್ನೇ ಬಳಸಿದರು. 1948ರ ಏಪ್ರಿಲಿನಲ್ಲಿ ಆಂಸ್ಟರ್‌ಡ್ಯಾಮಿನ ಪ್ರದರ್ಶನದಲ್ಲಿ ಲ್ಯಾಂಡ್ ರೋವರ್ ಲೋಕಕ್ಕೆ ಕಾಣಿಸಿತು. ಆದರೆ ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಅಂಗಡಿಗೆ ಬಂದ ಬಂಡಿಯ ಚೌಕಟ್ಟು ಅವರದೇ, ಅಲ್ಯೂಮಿನಿಯಮ್ ಬೆರಕೆಯ ಮೈ ಅವರದೇ, ಮೋರೆಯೂ ಅವರದೇ. ಲ್ಯಾಂಡ್ ರೋವರನ್ನು ಕೊಂಡವನಾರೂ ಜೀಪೆಂದು ನಂಬಿ ಕೊಳ್ಳಲಿಲ್ಲ. ಕಲಿತದ್ದು ಜೀಪಿನಿಂದ, ಮಾರಿದ್ದು ತಮ್ಮ ಹೆಸರಿನಿಂದ. ಎಕ್ಸ್-7ರ ಬಗೆಗೆ ಈ ಮಾತನ್ನು ಹೇಳಲು ನಮಗೆ ಬಾಯಿ ಬರುವುದಿಲ್ಲ.

ನಮ್ಮ ದೇಶದವರೂ ಈ ಕಟಕಟೆಯಲ್ಲಿ ನಿಂತಿದ್ದಾರೆ. ಸ್ವಾತಂತ್ರ್ಯ ಬಂದ ಆಸುಪಾಸಿನಲ್ಲಿ ಮಹೀಂದ್ರ ಕಂಪನಿಯವರು ವಿಲ್ಲಿಸ್‌ನವರಿಂದ ಪರವಾನಿಗೆ ಪಡೆದು ಮುಂಬಯಿಯಲ್ಲಿ ಜೀಪುಗಳನ್ನು ಜೋಡಿಸತೊಡಗಿದರು. ನಮ್ಮ ನಾಡಿನ ತಹಶೀಲ್ದಾರರೂ ಪೊಲೀಸರೂ ಓಡಾಡಿದ್ದು ಈ ವಂಶದ ಬಂಡಿಗಳಲ್ಲಿಯೇ. ಅದೇ ವಂಶದ ರಾಕ್ಸರ್ ಎಂಬ ಬಂಡಿಯನ್ನು ಅವರು 2018ರಲ್ಲಿ ಅಮೆರಿಕದಲ್ಲಿ ಮಾರಹೊರಟರು. ಅಷ್ಟರಲ್ಲಿ ಜೀಪೆಂಬ ಹೆಸರು ಹಲವು ಕೈಗಳನ್ನು ದಾಟಿ ಫಿಯೆಟ್-ಕ್ರೈಸ್ಲರ್‌ನವರ ಸೊತ್ತಾಗಿತ್ತು. ಅವರು ಅದೇ ವರುಷ ಅಲ್ಲಿಯ ಅಂತರರಾಷ್ಟ್ರೀಯ ವ್ಯಾಪಾರ ಆಯೋಗಕ್ಕೆ ದೂರು ಕೊಟ್ಟರು. ಹಳೆಯ ಪರವಾನಿಗೆಗಳೂ ಒಪ್ಪಂದಗಳೂ ನಮಗಿವೆ ಎಂದು ಮಹೀಂದ್ರದವರು ವಾದಿಸಿದರು. 2020ರ ಜೂನಿನಲ್ಲಿ ಆಯೋಗವು, ಚೌಕ ಮೈ, ನೆಟ್ಟಗಿನ ಪಕ್ಕ, ಒಟ್ಟು ನಿಲುವು ಜೀಪಿನದೇ ಆಗಿದೆಯೆಂದು ರಾಕ್ಸರನ್ನು ತಡೆಯಿತು. ಮಹೀಂದ್ರದವರು ಮೋರೆಯನ್ನು ತಿದ್ದಿ ಹೊಸದನ್ನು ಮುಂದಿಟ್ಟರು. ಅದೇ ವರುಷದ ಡಿಸೆಂಬರಿನಲ್ಲಿ ಆಯೋಗವು ಇದಕ್ಕೆ ಅಡ್ಡಿಯಿಲ್ಲವೆಂದಿತು. ಆಮೇಲೆಯೂ ಜಗಳ ಮುಗಿಯದೆ 2022ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು, ಒಮ್ಮೆ ತಪ್ಪಿತಸ್ಥನಾದವನು ಇತರರಿಗಿಂತ ಹೆಚ್ಚು ದೂರದಲ್ಲಿ ನಿಲ್ಲಬೇಕಲ್ಲವೇ ಎಂಬ ಪ್ರಶ್ನೆಯನ್ನೆತ್ತಿ, ಮತ್ತೆ ಪರಿಶೀಲಿಸಿರೆಂದು ಕೆಳಗಿನ ಕೋರ್ಟಿಗೆ ಕಳುಹಿತು. ಬೀಜಿಂಗಿನಲ್ಲಿ ನಮ್ಮವರ ಕಂಪನಿ ದೂರುವವನ ಜಾಗದಲ್ಲಿದ್ದಾಗಲೇ ಅಮೆರಿಕದಲ್ಲಿ ನಮ್ಮವರದೇ ಇನ್ನೊಂದು ಕಂಪನಿ ಉತ್ತರ ಕೊಡುವವನ ಜಾಗದಲ್ಲಿದ್ದಿತು.

ಇನ್ನು ಜೇವರ್ಗಿಯ ಎತ್ತುಗಳ ಮಾತು. ನಮ್ಮಲ್ಲಿ ವಿನ್ಯಾಸಗಳ ರಕ್ಷಣೆಗೆ 1911ರ ಕಾಯಿದೆ ಇದ್ದಿತು. ಅದರ ಬದಲಿಗೆ 2000ದ ಕಾಯಿದೆ ಬಂದಿದೆ. ಅದರಂತೆ, ಕಣ್ಣಿನಿಂದ ಮಾತ್ರವೇ ಅಳೆಯತಕ್ಕ ಆಕಾರ, ಅಲಂಕಾರ, ರೇಖೆಗಳನ್ನು ಒಬ್ಬನು ತನ್ನ ಹೆಸರಿಗೆ ನೋಂದಣಿ ಮಾಡಿಸಬಹುದು. ಮೊದಲು ಹತ್ತು ವರುಷ, ಬೇಡಿಕೊಂಡರೆ ಮತ್ತೆ ಐದು ವರುಷ, ಇನ್ನೊಬ್ಬರು ಅದನ್ನು ಹಚ್ಚಿ ಮಾರುವಂತಿಲ್ಲ. ಒಬ್ಬ ವ್ಯಕ್ತಿಯ ಅರ್ಜಿಗೆ ಸರಕಾರದ ಶುಲ್ಕ 1,000 ರೂಪಾಯಿ. ಹಾಗಾದರೆ ಎತ್ತು ಸೂರ್ಯರ ಮುಂದಲೆಗೆ ಇದು ಸಲ್ಲುತ್ತಿತ್ತೆ? ಅಲಂಕಾರಕ್ಕೆ ಸಲ್ಲಬಹುದಾಗಿತ್ತು. ಚಿಲಕಕ್ಕೆ ಸಲ್ಲದು, ಅದು ಕೆಲಸ ಮಾಡುವ ಯಂತ್ರಭಾಗ, ಕಣ್ಣಿಗೆ ಸಂಬಂಧಿಸಿದ್ದಲ್ಲ, ಹೊಸ ಉಪಾಯವಾಗಿದ್ದರೆ ಅದಕ್ಕೆ ಪೇಟೆಂಟಿನ ದಾರಿ ಬೇರೆ. ಆದರೆ ಮುಂದಲೆಗೂ ಈಗ ಹೊತ್ತು ಮೀರಿದೆ. ಅರ್ಜಿಗೆ ಮೊದಲೇ ವಿನ್ಯಾಸವು ಭಾರತದಲ್ಲಿಯಾಗಲಿ ಬೇರೆ ದೇಶದಲ್ಲಿಯಾಗಲಿ ಪ್ರಕಟವಾಗಿದ್ದರೆ ನೋಂದಣಿಯಿಲ್ಲವೆಂದು ನಮ್ಮ ಕಾಯಿದೆಯೂ ಹೇಳುತ್ತದೆ. ಟ್ರಾಲಿಯಂತೂ ವರುಷಗಟ್ಟಲೆ ಸಂತೆ, ಜಾತ್ರೆ, ಮಾರುಕಟ್ಟೆ ಎಲ್ಲ ತಿರುಗಿ ಬಂದಿದೆ. ಗುವಾಂಗ್‌ಝೌನಲ್ಲಿ ಕೋಟಿಗಟ್ಟಲೆಯ ಕಂಪನಿ ಮಾಡಿದ ತಪ್ಪನ್ನೇ ಇವರೂ ಮಾಡಿದ್ದರು. ಅವರಿಗೆ ವಕೀಲರ ದಂಡೇ ಇದ್ದಿತು, ಇವರಿಗೆ ಹೇಳುವವರಿರಲಿಲ್ಲ, ಅಷ್ಟೇ ವ್ಯತ್ಯಾಸ. ನೋಂದಣಿಯಾಗಿದ್ದು ಗೆದ್ದರೂ, ಕಾಯಿದೆಯಲ್ಲಿ ನಿಗದಿಯಾಗಿರುವ ಸಲ್ಲತಕ್ಕ ಮೊತ್ತ ಒಂದು ವಿನ್ಯಾಸಕ್ಕೆ ಒಟ್ಟು 50,000 ರೂಪಾಯಿಯನ್ನು ಮೀರುವಂತಿಲ್ಲ. ಹೆಚ್ಚಿನ ನಷ್ಟಕ್ಕೆ ಬೇರೆ ದಾವೆಯನ್ನೇ ಹೂಡಬೇಕು. ಮೂರು ನಾಲ್ಕು ಟ್ರಾಲಿಗಳ ಮೇಲೆ ಹದಿನೈದು ಸಾವಿರದಂತೆ ಹೋದರೆ ಆ ಮೊತ್ತ ಮುಗಿಯಿತು. ಕಾಯಿದೆ ಮಾಡಿದವರು ಈ ಅಂಕಿಯನ್ನು ಇನ್ನೊಮ್ಮೆ ನೋಡುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ.

ಆದರೆ ಚಾಓಯಾಂಗ್‌ನ ಎರಡನೆಯ ಬಾಗಿಲು ನಮ್ಮಲ್ಲಿಯೂ ಉಂಟು. ತನ್ನ ಸರಕನ್ನು ಇನ್ನೊಬ್ಬನ ಸರಕೆಂದು ಜನ ನಂಬುವಂತೆ ಮಾರುವವನ ಮೇಲೆ, ಯಾವ ನೋಂದಣಿಯೂ ಇಲ್ಲದಿದ್ದರೂ, ಜಿಲ್ಲಾ ನ್ಯಾಯಾಲಯದಲ್ಲಿ ದಾವೆ ಹೂಡಬಹುದು. ಅದಕ್ಕೆ ಬೇಕಾದ ಸಾಕ್ಷಿ ಯಾವುದು? ಈ ಎತ್ತುಗಳನ್ನು ಕಂಡೊಡನೆ ಜನರಿಗೆ ಈ ಅಂಗಡಿ ನೆನಪಾಗುತ್ತದೆ ಎಂಬುದು. ಅದನ್ನು ನೋಡಿ ಒಬ್ಬನಾದರೂ ಮೋಸಹೋದನೆಂಬುದು. ಯಡ್ರಾಮಿಯ ಕಡೆಯ ರೈತನು ಅಂದು ಬಾಗಿಲಲ್ಲಿ ನಿಂತು ಆಡಿದ ಮಾತುಗಳಿಗಿಂತ ಬೇರೆ ಸಾಕ್ಷಿ ಬೇಕೆ? ಯಾವ ಮಾತಿನಿಂದ ಯಜಮಾನರಿಗೆ ಅಷ್ಟು ನೋವಾಯಿತೋ ಅದೇ ಅವರ ಕೈಯಲ್ಲಿರುವ ಬಲವಾದ ಆಯುಧ.

ಇದನ್ನೆಲ್ಲ ಹೇಳಲು ನಾವು ಮತ್ತೊಮ್ಮೆ ಜೇವರ್ಗಿಗೆ ಹೋದೆವು. ಯಜಮಾನರು ಕೈಯೊರಸಿಕೊಂಡು ಕುಳಿತು, ಬ್ಯಾಂಟಮ್ ಕಂಪನಿಯ ಕಥೆಯನ್ನು ಎರಡು ಸಲ ಹೇಳಿಸಿಕೊಂಡು ಕೇಳಿದರು. ಮಗನಿಗೆ ದಾವೆಯ ಮಾತು ಹಿಡಿಸಿತು. ಅವರು ಮಾತ್ರ ಬಹಳ ಹೊತ್ತು ಸುಮ್ಮನಿದ್ದು, “ಸೊಲ್ಲಾಪುರದಾಗ ಕೆಲಸ ಕಲ್ತಾಂವ್ರಿ ನಾ. ಊರಿಗೆ ಬಂದು ಮಾಡಿದ ಮೊದಲನೇ ಟ್ರಾಲಿ ನಮ್ಮ ಉಸ್ತಾದರದ ಹಂಗs ಇತ್ರಿ. ಅವರಿಗಿ ಕೇಳಿದ್ದಿಲ್ಲ ನಾ” ಎಂದರು. ಉಸ್ತಾದರು ಈಗಿಲ್ಲ.

ಹುಡುಗನ ಮೇಲೆ ಕೋರ್ಟಿಗೆ ಹೋಗಲು ಅವರಿಗೆ ಮನಸ್ಸಿಲ್ಲ. ಒಂಬತ್ತು ವರುಷ ಒಂದೇ ಗಂಗಾಳದಲ್ಲಿ ಉಂಡವನು. ಅವನ ಮದುವೆಯಲ್ಲಿ ಮುಂದೆ ನಿಂತವರು ಇವರೇ. ಊರ ಹಿರಿಯರಿಬ್ಬರನ್ನು ಕರೆದುಕೊಂಡು ಹೋಗಿ, ಎತ್ತುಗಳನ್ನು ಬೇಕಾದರೆ ಇಟ್ಟುಕೊ, ಆದರೆ ಮುಂದಲೆಯ ಮೇಲೆ ನಿನ್ನ ಅಂಗಡಿಯ ಹೆಸರನ್ನು ಗೇಣುದ್ದದ ಅಕ್ಷರಗಳಲ್ಲಿ ಬರೆಸು, ಎಂದು ಹೇಳುವೆನೆಂದರು. ಅದಕ್ಕೂ ಅವನು ಒಪ್ಪದಿದ್ದರೆ? ಆಗ ಜಿಲ್ಲಾ ಕೋರ್ಟು ಕಲಬುರ್ಗಿಯಲ್ಲಿ ಇದ್ದೇ ಇದೆಯಲ್ಲ ಎಂದು ಮಗನು ಸೇರಿಸಿದನು. ತಂದೆ ಅದಕ್ಕೆ ಅಹುದೆನ್ನಲೂ ಇಲ್ಲ, ಅಲ್ಲವೆನ್ನಲೂ ಇಲ್ಲ.

ಹೊರಡುವಾಗ ಅಂಗಡಿಯ ಮೂಲೆಯಲ್ಲಿ ಗೋಡೆಗೆ ಒರಗಿಸಿದ್ದ ಅಗಲವಾದ ತಗಡೊಂದು ನಮ್ಮ ಕಣ್ಣಿಗೆ ಬಿದ್ದಿತು. ಅದಕ್ಕೆ ಮೇಲಿಂದ ಕೆಳಗಿನವರೆಗೆ ಗೋಣಿತಟ್ಟು ಹೊದಿಸಿ, ಹಗ್ಗ ಬಿಗಿದಿದ್ದರು. ಹೊಸ ಮುಂದಲೆಯೇ, ಎಂದು ಕೇಳುತ್ತ ತಟ್ಟಿನ ಅಂಚಿಗೆ ಕೈ ಹಾಕಿದೆವು. ಯಜಮಾನರು ನಗುತ್ತ ಅಡ್ಡ ಬಂದು ನಿಂತರು.

“ಅರ್ಜಿ ಹೋಗೂತನ ನಿಮಗೂ ತೋರ್ಸಂಗಿಲ್ರಿ ಸರ” ಎಂದರು.